ಹಾರದ ಡಿವಿಷನ್, ಇಳಿಯದ ಪಾಲಿಕೆ

ಜಯಮಹಲ್ ದಾಟಿ ಜೆ.ಸಿ. ನಗರದ ಕಡೆ ಹೊರಟರೆ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಸಿಗುತ್ತದೆ. 1992ರಲ್ಲಿ ಆಗ್ರಾದಿಂದ ಇಲ್ಲಿಗೆ ಬಂದದ್ದು. ಹುಡುಗರು ಓಡುವುದು, ಬೆವರುವುದು, ಬೈಸಿಕೊಳ್ಳುವುದು ಎಲ್ಲ ಬೆಂಗಳೂರಿನಲ್ಲಿ. ವಿಮಾನದಿಂದ ಧುಮುಕುವ ಪಾಠಕ್ಕೆ ಮಾತ್ರ ಮತ್ತೆ ಆಗ್ರಾಕ್ಕೇ ಹೋಗಬೇಕು. ಕಚೇರಿ ಒಂದು ಕಡೆ, ಕೆಲಸ ಇನ್ನೊಂದು ಕಡೆ. ನಮ್ಮೂರಿನ ನೀರು ಇಷ್ಟು ಬೇಗ ಒಗ್ಗಿದ ಸಂಸ್ಥೆ ಬೇರೊಂದಿಲ್ಲ.

ಇವರ ಹಿರೀಕರ ಕತೆ ಇನ್ನೂ ಸೊಗಸು. 1944ರಲ್ಲಿ ಬ್ರಿಟಿಷರು 44ನೇ ಆರ್ಮರ್ಡ್ ಡಿವಿಷನ್ ಎಂಬ ಟ್ಯಾಂಕು ಪಡೆಯ ಬೋರ್ಡು ಅಳಿಸಿ 44ನೇ ಇಂಡಿಯನ್ ಏರ್‌ಬೋರ್ನ್ ಡಿವಿಷನ್ ಎಂದು ಬರೆಸಿದರು. ನಿನ್ನೆ ನೆಲದಲ್ಲಿ ಉರುಳುತ್ತಿದ್ದ ಹೆಡ್‌ಕ್ವಾರ್ಟರ್ಸಿಗೆ ಇವತ್ತು ರೆಕ್ಕೆ. ಮರುವರ್ಷ ಅದೇ 2ನೇ ಏರ್‌ಬೋರ್ನ್ ಡಿವಿಷನ್ ಆಯಿತು. 1947ರಲ್ಲಿ ದೇಶದ ಜೊತೆ ಅದೂ ಪಾಲಾಯಿತು: 50 ಮತ್ತು 77ನೇ ಬ್ರಿಗೇಡು ನಮಗೆ, 14ನೆಯದು ಪಾಕಿಸ್ತಾನಕ್ಕೆ. ಈ ನಡುವೆ ಇಡೀ ಡಿವಿಷನ್ ಒಟ್ಟಾಗಿ ಆಕಾಶದಿಂದ ಇಳಿದದ್ದು ಎಷ್ಟು ಸಲ ಎಂದು ಕೇಳಬೇಡಿ. ಒಂದು ಸಲವೂ ಇಲ್ಲ.

ಯುದ್ಧದಲ್ಲಿ ಅದಕ್ಕೆ ದಕ್ಕಿದ್ದು ಒಂದು ಗೂರ್ಖಾ ಬೆಟಾಲಿಯನ್ನಿನ ಧುಮುಕು. 1945ರ ಮೇ 1, ರಂಗೂನ್ ನದಿಯ ಬಾಯಲ್ಲಿರುವ ಎಲಿಫೆಂಟ್ ಪಾಯಿಂಟ್. ಕೆಳಗೆ ಕೆಸರು, ಮೇಲಿಂದ ಮಳೆ, ಸಾಲದ್ದಕ್ಕೆ ಮಿತ್ರಪಕ್ಷದ ಬಾಂಬುಗಳೇ ತಲೆಯ ಮೇಲೆ. ಆ ಜಾಗ ಗೆದ್ದರೇನೋ ಸರಿ, ಆದರೆ ರಂಗೂನಿನಿಂದ ಜಪಾನೀಯರು ಆಗಲೇ ಗಂಟುಮೂಟೆ ಕಟ್ಟಿದ್ದರು. ಅಲ್ಲಿನ ಜೈಲಿನ ಕೈದಿಗಳು ಚಾವಣಿಯ ಮೇಲೆ ದಪ್ಪಕ್ಷರದಲ್ಲಿ ಸುದ್ದಿ ಬರೆದೂ ಇಟ್ಟಿದ್ದರು. ಧಾರೆ ಮುಗಿದು ಎಲೆ ಎತ್ತುವಾಗ ದಿಬ್ಬಣ ಬಂದ ಹಾಗಾಯಿತು.

ಹಾಗಾದರೆ ಹೋರಾಡಿದವರು ಯಾರು? ನಡೆದವರು. ಡಿವಿಷನ್ನಿನ ಬೋರ್ಡು ಏರುವ ಮೊದಲೇ, 1944ರ ಮಾರ್ಚಿನಲ್ಲಿ, ಮಣಿಪುರದ ಸಾಂಗ್‌ಶಾಕಿನಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡು ಮಾಮೂಲಿ ಕಾಲಾಳುಗಳಂತೆ ಕಂದಕ ತೋಡಿಕೊಂಡು ಜಪಾನೀಯರನ್ನು ದಿನಗಟ್ಟಲೆ ತಡೆದಿತ್ತು. 1948ರ ಜುಲೈ 3ರಂದು ಕಾಶ್ಮೀರದ ಝಂಗಡದಲ್ಲಿ ಅದೇ ಬ್ರಿಗೇಡಿನ ನಾಯಕ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಪ್ರಾಣ ಕೊಟ್ಟದ್ದೂ ನೆಲದ ಮೇಲಿನ ಕಾಳಗದಲ್ಲೇ.

ಹೆಸರು ಮೇಲೆ, ಕೆಲಸ ಕೆಳಗೆ ಎಂಬ ಈ ಯುದ್ಧತಂತ್ರವನ್ನು ನಮ್ಮ ನಗರಾಡಳಿತ ಕರಗತ ಮಾಡಿಕೊಂಡಿದೆ. 1949ರಲ್ಲಿ ದಂಡನ್ನೂ ಪೇಟೆಯನ್ನೂ ಒಂದು ಮಾಡಿ ಕಾರ್ಪೊರೇಷನ್ ಕಟ್ಟಿದರು. 2007ರಲ್ಲಿ ಅದಕ್ಕೆ 'ಬೃಹತ್' ಸೇರಿತು. ಬೃಹತ್ತಾದದ್ದು ಭಾರವಾಯಿತೆಂದು 2025ರಲ್ಲಿ ಐದು ಪಾಲು. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ಹೆಡ್‌ಕ್ವಾರ್ಟರ್ಸು ಭರ್ತಿ, ಆದರೆ 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ವಾರ್ಡಿಗೆ ಒಬ್ಬನೂ ಧುಮುಕಲಿಲ್ಲ. ಬೆಳಗಿನ ಜಾವ ಪೊರಕೆ ಹಿಡಿದು ಹಲಸೂರಿನ ಗಲ್ಲಿಗೆ ಇಳಿದವರು ಪೌರಕಾರ್ಮಿಕರು ಮಾತ್ರ. ತಾವು ಈಗ ಯಾವ ಪಾಲಿಕೆಯವರು ಎಂದು ಅವರನ್ನು ಕಸವೂ ಕೇಳಲಿಲ್ಲ.

ಬೋರ್ಡು ಬರೆಯುವವರಿಗೆ ನನ್ನದೊಂದು ಬಿಟ್ಟಿ ಸಲಹೆ. 'ಇಲ್ಲಿ ಕಸ ಹಾಕಬಾರದು' ಎಂಬುದನ್ನು ಆಯಿಲ್ ಪೇಂಟಿನಲ್ಲೇ ಬರೆಯಿರಿ, ಅದು ಶಾಶ್ವತ. ಕೆಳಗೆ 'ಆದೇಶದ ಮೇರೆಗೆ' ಅಂತ ಬರುತ್ತದಲ್ಲ, ಆ ಸಾಲಿನ ಹೆಸರಿಗೆ ಸೀಮೆಸುಣ್ಣ ಸಾಕು.