ಕತ್ತಿಯ ಜೀರ್ಣೋದ್ಧಾರ

ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ಸಾಣೆರಾಯರು ಇರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ, ಉದ್ಯೋಗ ಸಾಫ್ಟ್‌ವೇರು, ಮನೆಸಾಲ ತೀರಿದೆ. ಕಂತು ಕಟ್ಟುವ ಚಟ ಮಾತ್ರ ಹೋಗಿಲ್ಲವಾದ್ದರಿಂದ ಹವ್ಯಾಸಗಳಿಗೆ ಕಟ್ಟುತ್ತಿರುತ್ತಾರೆ. ಮೊದಲು ಹುಳಿಹಿಟ್ಟಿನ ಬ್ರೆಡ್ಡು ಬಂತು, ಆಮೇಲೆ ಶಾಯಿ ಪೆನ್ನು. ಈಗ ಕ್ಷೌರದ ಹಳೇ ಮಡಚುಗತ್ತಿ.

ಅದು ಸಿಕ್ಕಿದ್ದು ಸಂಡೇ ಬಜಾರಿನಲ್ಲಿ, ಒಂಟಿ ಬೂಟಿಗೂ ಕೆಟ್ಟ ಮಿಕ್ಸಿಗೂ ನಡುವೆ. ತುಕ್ಕಿನಡಿ 'ಸೋಲಿಂಗೆನ್' ಎಂಬ ಅಕ್ಷರ ಕಂಡದ್ದೇ ತಡ, ರಾಯರು ಚೌಕಾಸಿ ಮಾಡುವುದನ್ನೇ ಮರೆತರು. ಅಂದಿನಿಂದ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಪಾಠ. ಸೋಲಿಂಗೆನ್ ಎಂದರೆ ಜರ್ಮನಿಯ ಕತ್ತಿಗಳ ಊರು. ಅಲ್ಲಿ ತಯಾರಾಗದ ಅಲಗಿಗೆ ಆ ಹೆಸರು ಹಾಕಕೂಡದೆಂದು 1938ರಲ್ಲೇ ಕಾನೂನಾಗಿದೆ. 1904ರಲ್ಲಿ ಜಿಲೆಟ್ ಎಂಬಾತನಿಗೆ ಬಿಸಾಡುವ ಬ್ಲೇಡಿನ ರೇಜರಿಗೆ ಪೇಟೆಂಟ್ ಸಿಕ್ಕಿತು ನೋಡಿ, ಗಂಡಸಿನ ಅವನತಿ ಶುರುವಾದದ್ದು ಅಲ್ಲಿಂದ. ನಾಲ್ಕನೇ ಮಹಡಿಯವರು ಮೆಟ್ಟಿಲು ಹತ್ತುವುದನ್ನು ರೂಢಿಸಿಕೊಂಡು ಗಟ್ಟಿಮುಟ್ಟಾಗಿದ್ದಾರೆ.

ಜೀರ್ಣೋದ್ಧಾರದ ಕಾರ್ಯ ನಡೆದದ್ದು ಬಾಲ್ಕನಿಯಲ್ಲಿ. ಯಂತ್ರ ಮುಟ್ಟುವಂತಿಲ್ಲ, ಅಲಗು ಕಾಯ್ದು ನೀಲಿಗೆ ತಿರುಗಿದರೆ ಉಕ್ಕಿನ ಹದವೇ ಹೋಯಿತು. ಆದ್ದರಿಂದ 400ರಿಂದ 2000 ನಂಬರಿನವರೆಗಿನ ಮರಳು ಕಾಗದದಲ್ಲಿ ಕೈಯಿಂದಲೇ ಉಜ್ಜಬೇಕು. ಮದುವೆಯಾದ ಮೇಲೆ ಒಂದು ಪಾತ್ರೆ ಉಜ್ಜಿ ಗೊತ್ತಿಲ್ಲದ ರಾಯರು ಎರಡು ವಾರಾಂತ್ಯ ಉಜ್ಜಿದರು. ಹಿಡಿಯೂ ಬಿರುಕು ಬಿಟ್ಟಿತ್ತು. ಹಳೇ ಸೆಲ್ಯುಲಾಯ್ಡ್, ಕೊಳೆಯತೊಡಗಿದರೆ ಅದರ ಆವಿಗೇ ಅಲಗು ತುಕ್ಕು ಹಿಡಿಯುತ್ತದೆ. ಹೊಸ ಹಿಡಿಗೆ ಬೀಟೆಮರವೇ ಬೇಕೆಂದರು. ಬೀಟೆಮರ ಸಿಕ್ಕಿತು. ಅದೇ ದಿನ ಅಡುಗೆಮನೆಯ ಲಟ್ಟಣಿಗೆ ಕಾಣೆಯಾಯಿತು.

ಇನ್ನು ಸಾಣೆ. 1000 ನಂಬರಿನ ಕಲ್ಲಿನಲ್ಲಿ ಅಂಚು ಕಟ್ಟಬೇಕು, 4000, 8000ದಲ್ಲಿ ನಯಗೊಳಿಸಬೇಕು, 12000ದಲ್ಲಿ ಹೊಳಪು ಕೊಡಬೇಕು. ಅಲಗಿನ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ಒರಗಿರಬೇಕು. ಕೋನವನ್ನು ಬೆನ್ನೇ ನೋಡಿಕೊಳ್ಳುತ್ತದೆ. ಕಲ್ಲುಗಳ ಬಿಲ್ಲು ನೋಡಿದ ಮನೆಯಾಕೆ, "ಈ ದುಡ್ಡಿಗೆ ಗ್ರಾನೈಟ್ ಕಟ್ಟೆಯೇ ಹಾಕಿಸಬಹುದಿತ್ತು" ಎಂದರು. ಹಾಗೆಯೇ, ಟೊಮೆಟೊ ಜಜ್ಜಿಹೋಗುವಷ್ಟು ಮೊಂಡಾದ ಚಾಕುವನ್ನೂ ಮುಂದೆ ಹಿಡಿದರು. ರಾಯರು ಅದನ್ನು ಮೇಲೆ ಕೆಳಗೆ ನೋಡಿ ವಾಪಸು ಕೊಟ್ಟರು: "ಇದಕ್ಕೆ ಇತಿಹಾಸ ಇಲ್ಲ."

ಕಲ್ಲಾದ ಮೇಲೆ ತೊಗಲು ಪಟ್ಟಿ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಎಳೆದ ಅಲಗನ್ನು ತೊಗಲಿನ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ರಾಯರ ಕೈ ಒಮ್ಮೆ ಹಳೇ ಅಭ್ಯಾಸದಲ್ಲೇ ಹೋಯಿತು, ಪಟ್ಟಿ ಎರಡಾಯಿತು. ಅಲಗು ಹರಿತವಾಗಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಬೇಕಂತೆ. ಬೆರಳಲ್ಲಿ ಹಿಡಿದ ಒಂಟಿ ಕೂದಲು ಸೋಕಿದೊಡನೆ ತುಂಡಾಗಬೇಕಂತೆ. ರಾಯರ ತಲೆಯಲ್ಲಿ ಪರೀಕ್ಷೆಗೆ ಕೊಡುವಷ್ಟು ದಾಸ್ತಾನಿಲ್ಲದ್ದರಿಂದ ಮಗಳು ಒಂದು ವಾರ ಮನೆಯಲ್ಲೂ ಹೆಲ್ಮೆಟ್ ಹಾಕಿಕೊಂಡು ಓಡಾಡಿದಳು.

ಭಾನುವಾರ ಮುಹೂರ್ತ. ಬಲಗೆನ್ನೆ ನಿರ್ವಿಘ್ನವಾಗಿ ಮುಗಿಯಿತು. ಎಡಗೆನ್ನೆಗೆ ಬಂದಾಗ ಬಲಗೈ ಮೂಗಿಗೆ ಅಡ್ಡ ಬಂತು. ಎಡಗೈಗೆ ಅಭ್ಯಾಸವೇ ಇರಲಿಲ್ಲ. ರಾಯರು ಅರ್ಧ ಗಡ್ಡದಲ್ಲಿ, ಕತ್ತಿಯನ್ನು ಜೇಬಿಗಿಟ್ಟುಕೊಂಡು, ಕೆಳಗಿನ ಸಲೂನಿಗೆ ಇಳಿದರು.

ಸಲೂನಿನ ಯಜಮಾನರು ಬ್ಲೇಡನ್ನು ಎರಡು ತುಂಡು ಮಾಡಿ, ಒಂದನ್ನು ಹಿಡಿಗೆ ಸಿಕ್ಕಿಸಿ, ಕತ್ತಿಯ ಕಥೆಯನ್ನೆಲ್ಲ ಸಾವಧಾನವಾಗಿ ಕೇಳಿದರು. ಕೊನೆಗೆ ನಕ್ಕರು.

"ನಮ್ಮಪ್ಪಂದೂ ಇಂಥವೇ ನಾಲ್ಕೈದು ಇದ್ವು ಸಾರ್. ದಿನಾ ಬೆಳಗ್ಗೆ ಮಸೆದು ಮಸೆದು ನನ್ನ ರಟ್ಟೆ ಬಿದ್ದೋಗಿತ್ತು. ಆಮೇಲೆ ಏಡ್ಸ್ ಭಯ ಬಂತು, ಹೊಸ ಬ್ಲೇಡೇ ಹಾಕಿ ಅಂತ ಗಿರಾಕಿಗಳು ಹಟ ಹಿಡಿದ್ರು. ಪುಣ್ಯ ಬಂತು ಅಂತ ಎಲ್ಲಾ ಗುಜರಿಗೆ ತೂಕಕ್ಕೆ ಹಾಕಿಬಿಟ್ಟೆ."

ರಾಯರು ಅರ್ಧ ನೊರೆಯಲ್ಲೇ ಕುರ್ಚಿಯಿಂದ ಎದ್ದರು.

"ಯಾವ ಗುಜರಿ?"