ಐ7 ತಮ್ಮನೂ ಐ5 ಅಣ್ಣನೂ

ತಿ. ನರಸೀಪುರದಲ್ಲಿ ಜೆರಾಕ್ಸ್, ಟೈಪಿಂಗ್, ಪಹಣಿ, ಪಾಸ್‌ಪೋರ್ಟ್ ಫೋಟೊ ಎಲ್ಲವೂ ಒಂದೇ ಬೋರ್ಡಿನಡಿ ಸಿಗುವ ಅಂಗಡಿಯೊಂದರ ಮೇಜಿನ ಕೆಳಗೆ 2011ರ ಡೆಸ್ಕ್‌ಟಾಪ್ ಪ್ರೊಸೆಸರ್ ಇಂಟೆಲ್ ಕೋರ್ ಐ5-2400 ಬಿಡಾರ ಹೂಡಿದೆ. ಮೇಜಿನ ಮೇಲೆ, ಕಪಿಲೆಯ ಹಾಗೇ ನಂಜನಗೂಡು ದಾಟಿ ಇಲ್ಲಿಗೆ ಬಂದು ಸೇರಿದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು. ಅದರೊಳಗೆ 2016ರ ಐ7-7500ಯು. ಇಬ್ಬರಲ್ಲಿ ಒಬ್ಬರನ್ನು ಮಾರಿಬಿಡುವ ಯೋಚನೆ ಮಾಲೀಕರದು. ಅವರು ಊಟಕ್ಕೆ ಹೋದ ಹೊತ್ತು ನೋಡಿ ಇಬ್ಬರನ್ನೂ ಮಾತಿಗೆಳೆದೆ.

ಆರೋಗ್ಯ ಹೇಗಿದೆ ಯಜಮಾನರೇ?

ಐ5: ಏನು ಹೇಳಲಿ ಸ್ವಾಮಿ, ನೆತ್ತಿಗೆ ಹಚ್ಚಿದ ಪೇಸ್ಟು ಒಣಗಿ ಸುಣ್ಣವಾಗಿದೆ. ಫ್ಯಾನಿನ ಸಂದಿಯಲ್ಲಿ ಧೂಳು, ಕೂದಲು, ಊದುಬತ್ತಿ ಬೂದಿ. ದಿನಾ ಬೆಳಿಗ್ಗೆ ನನ್ನ ಡಬ್ಬಕ್ಕೂ ಮಂಗಳಾರತಿ ತೋರಿಸ್ತಾರೆ. ಬ್ಲೋಯರ್ ಮಾತ್ರ ತೋರಿಸಿಲ್ಲ.

ನಂಜನಗೂಡಿನವರು ಐ7 ಅಂತೆ. ನೀವು ಬರೀ ಐ5.

ಐ5: ಕೋರ್ ಎಷ್ಟು ಅಂತ ಅವನನ್ನೇ ಕೇಳಿ.

ಐ7: (ಮೆಲ್ಲಗೆ) ಎರಡು.

ಐ5: ನನಗೆ ನಾಲ್ಕು.

ಐ7: ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ ಸ್ವಾಮಿ, ನನಗೂ ನಾಲ್ಕು ಥ್ರೆಡ್ ಕಾಣುತ್ತೆ.

ಐ5: ಕಾಣುತ್ತೆ, ಕಾಣುತ್ತೆ. ಎರಡೇ ಎತ್ತು ಕಟ್ಟಿ ನಾಲ್ಕು ಕೊರಳಗಂಟೆ ಅಲ್ಲಾಡಿಸಿದ ಹಾಗೆ.

ಐ7: ಅಷ್ಟು ಹಗುರ ಮಾಡಬೇಡ ಅಣ್ಣ. ಒಂದು ಕೆಲಸ ಮೆಮೊರಿಗಾಗಿ ಕಾಯುವಾಗ ಅದೇ ಕೋರ್ ಇನ್ನೊಂದನ್ನು ಮಾಡಿಕೊಳ್ಳುತ್ತೆ. ದುಪ್ಪಟ್ಟಾಗಲ್ಲ, ಒಂದಿಷ್ಟು ಹೆಚ್ಚಾಗುತ್ತೆ. ಅಲ್ಲದೆ ನನ್ನ ಒಂದೊಂದು ಬಡಿತಕ್ಕೂ ನಿನಗಿಂತ ಹೆಚ್ಚು ಕೆಲಸ ಸಾಗುತ್ತೆ.

ಹಾಗಾದರೆ ಆ ಐ7 ಸ್ಟಿಕ್ಕರ್?

ಐ7: ಅದು ನಮ್ಮ ಬಳಗದೊಳಗಿನ ಪಟ್ಟ ಸ್ವಾಮಿ. ಕೊನೆಯ 'ಯು' ನೋಡಿ, 15 ವ್ಯಾಟಿನಲ್ಲಿ ಸಂಸಾರ ಮಾಡು ಅಂತ ಕಳಿಸಿದ್ದಾರೆ. ಅಣ್ಣನಿಗೆ 95. ನಾನು ಮಾಮೂಲಿ 2.7 ಗಿಗಾಹರ್ಟ್ಸ್, ಹುರುಪು ಬಂದಾಗ 3.5.

(95 ಅಂದ ಕೂಡಲೇ ಕರೆಂಟ್ ಬಿಲ್ ಲೆಕ್ಕ ಹಾಕಬೇಡಿ. ಪೂರ್ತಿ ದುಡಿಯುವಾಗ ಎಷ್ಟು ಕಾವು ಹೊರಹಾಕಬೇಕು ಅನ್ನುವ ಲೆಕ್ಕ ಅದು. ಸುಮ್ಮನೆ ಕೂತಾಗ ಅಷ್ಟು ಎಳೆಯುವುದಿಲ್ಲ.)

ಐ5: ಹುರುಪು ಎಷ್ಟು ಹೊತ್ತು? ಮೊನ್ನೆ ಮದುವೆ ವಿಡಿಯೊ ಕೊಟ್ಟರು. ಧಾರೆ ಮುಗಿಯೋವರೆಗೆ ಕುಣಿದ, ಊಟದ ಪಂಕ್ತಿ ಬರೋ ಹೊತ್ತಿಗೆ ಮೈ ಕಾದು ವೇಗ ಇಳಿಸಿಬಿಟ್ಟ.

ಐ7: ನೀನು ನಂಜನಗೂಡು ದೊಡ್ಡ ಜಾತ್ರೆಯ ಡ್ರೋನ್ ವಿಡಿಯೊನ ಯೂಟ್ಯೂಬಲ್ಲಿ 4ಕೆಗೆ ಇಟ್ಟು ತೋರಿಸು ನೋಡೋಣ. ಅದರ ವಿಪಿ9 ಬಿಡಿಸೋ ಏರ್ಪಾಡು ನನ್ನೊಳಗೇ ಇದೆ. ನೀನು ನಾಲ್ಕೂ ಕೋರ್ ಹಚ್ಚಿ ಎಳೆದರೂ ಗೌತಮ ರಥ ನಿಂತು ನಿಂತು ಹೋಗುತ್ತೆ.

ಐ5: ಗೌತಮ ರಥ ನಿಜವಾಗಿಯೂ ನಿಂತು ನಿಂತೇ ಹೋಗೋದು ಕಣಪ್ಪ.

ಇಲ್ಲಿ ದಿನದ ಕೆಲಸ ಏನು?

ಐ5: ನುಡಿಯಲ್ಲಿ ಅಫಿಡವಿಟ್ಟು. ನನ್ನದು 3.1 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 310 ಕೋಟಿ ಬಡಿತ. ಟೈಪ್ ಮಾಡೋ ಹುಡುಗಿ ಸೆಕೆಂಡಿಗೆ 5 ಕೀ ಒತ್ತಿದರೂ ಒಂದು ಕೀಗೂ ಮುಂದಿನದಕ್ಕೂ ನಡುವೆ 62 ಕೋಟಿ ಬಡಿತ ಬಿಡುವು. 'ಪ್ರಮಾಣೀಕರಿಸುವುದೇನೆಂದರೆ' ಅನ್ನೋದು ಮುಗಿಯೋ ಹೊತ್ತಿಗೆ ನಾನೊಂದು ನಿದ್ದೆ ತೆಗೆದು ಎದ್ದಿರ್ತೀನಿ.

ಆದರೂ ಗಿರಾಕಿಗಳು ಸ್ಲೋ ಅಂತಿದ್ದರಲ್ಲ?

ಐ5: ಅಂದರು, ಅಂದರು! ತಿರುಗೋ ಹಾರ್ಡ್‌ಡಿಸ್ಕ್ ಮಾಡಿದ ತಪ್ಪಿಗೆ ವರ್ಷಾನುಗಟ್ಟಲೆ ನನಗೆ ಮಂಗಳಾರತಿ. ಆಮೇಲೊಂದು ದಿನ ಅದನ್ನು ಕಿತ್ತು 256 ಜಿಬಿ ಎಸ್‌ಎಸ್‌ಡಿ ಹಾಕಿದರು. ಅಲ್ಲಿಯವರೆಗೆ ವಿಂಡೋಸ್ ಏಳೋದರೊಳಗೆ ಮಾಲೀಕರ ಟೀ ಮುಗಿದಿರೋದು. ಈಗ ಟೀ ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಕೂರಬೇಕಾಗಿ ಅವರಿಗೇ ಬೇಜಾರು. 'ಪ್ರೊಸೆಸರ್ ಚೇಂಜ್ ಮಾಡಿಸಿದ್ರಾ?' ಅಂತ ಕೇಳ್ತಾರೆ ಬಂದವರು. ನನ್ನನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಚೇಂಜ್ ಮಾಡಿಸಲು ಆಗುತ್ತದೆಯೇ?

ಐ5: ಲಿವರ್ ಎತ್ತಿದರೆ ಬಂದೆ. ನನ್ನ ಜಾಗದಲ್ಲಿ ಐ7-2600 ಕೂರಿಸಬಹುದು, ಅದು ನಿಜವಾದ ನಾಲ್ಕು ಕೋರಿನದು. ತಮ್ಮನನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ. ಅವನು ಕೆಟ್ಟರೆ ಬೋರ್ಡೇ ಹೋಯ್ತು.

ಐ7: ಕರೆಂಟ್ ಹೋದಾಗ ಮಾತಾಡು ಅಣ್ಣ. ನಿನ್ನ ಯುಪಿಎಸ್ ಕೀ ಕೀ ಅಂದು ಪ್ರಾಣ ಬಿಡುತ್ತೆ, ಅರ್ಜಿ ಸೇವ್ ಮಾಡೋಕೂ ಪುರುಸೊತ್ತಿರಲ್ಲ. ಆಗ ಎಲ್ಲರೂ ನನ್ನ ಮುಂದೆಯೇ ಕ್ಯೂ.

ಇಬ್ಬರಲ್ಲಿ ವಿಂಡೋಸ್ 11ಕ್ಕೆ ಯಾರು?

ಐ5: ಹೇಳಪ್ಪ, ನೀನೇ ಓದಿದವನು.

ಐ7: ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ಕ್ಕೆ ಟಿಪಿಎಂ 2.0 ಇರಬೇಕು. ಇಂಟೆಲ್ ಮನೆತನದವರಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗೆ ಹುಟ್ಟಿರಬೇಕು. 2400 ಅಂದರೆ ಅಣ್ಣನದು ಎರಡನೆಯದು.

ಐ5: 7500 ಅಂದರೆ?

ಐ7: ಏಳು.

ಐ5: ಛೇ, ಒಂದರಲ್ಲಿ ತಪ್ಪಿತಲ್ಲೋ. ಬಾ, ಇಬ್ಬರಿಗೂ ಲಿನಕ್ಸ್ ಹಾಕ್ತಾರೇನೋ ನೋಡೋಣ.

ಐ7: ಹಳೇ ನುಡಿ ಫೈಲುಗಳ ಗತಿ? ಆ ಪ್ರಿಂಟರಿನ ಡ್ರೈವರು?

ಅಷ್ಟರಲ್ಲಿ ಮಾಲೀಕರು ಬಾಯಿ ಒರೆಸಿಕೊಳ್ಳುತ್ತಾ ಬಂದರು. ಹಿಂದೆಯೇ ಪಹಣಿ ಬೇಕೆಂದು ಒಬ್ಬ ಅಜ್ಜ. 'ಐ7ನಲ್ಲೇ ತೆಗೀತೀನಿ ತಾತ, ಬೇಗ ಆಗುತ್ತೆ' ಎಂದು ಲ್ಯಾಪ್‌ಟಾಪ್ ಎಳೆದುಕೊಂಡರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಮಾಲೀಕರು 'ಸರ್ವರ್ ಡೌನು, ನಾಳೆ ಬನ್ನಿ' ಎಂದರು.

ಐ5: (ಮೇಜಿನ ಕೆಳಗಿಂದ) ತಮ್ಮಾ, ಎಷ್ಟು ಪರ್ಸೆಂಟ್ ದುಡೀತಿದ್ದೀಯ?

ಐ7: ಮೂರು. ಅದೂ ಆಂಟಿವೈರಸ್ಸಿಗೆ.