ಕಿಟ್ಟಪ್ಪನವರ ಬಿಸಿಲುಮಚ್ಚು

ನ್ಯೂಜೆರ್ಸಿಯಲ್ಲಿರುವ ನಮ್ಮವರ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಗಂಡ ಹೆಂಡಿರು ಜಗಳಕ್ಕೆ ವಿಷಯ ಹುಡುಕಬೇಕಾಗಿಲ್ಲ. ಗೋಡೆಯ ಮೇಲೆ ಥರ್ಮೋಸ್ಟಾಟ್ ಇದ್ದೇ ಇರುತ್ತದೆ. ಅಳಿಯಂದಿರು 68ಕ್ಕೆ ಇಳಿಸುತ್ತಾರೆ, ಮಗಳು 72ಕ್ಕೆ ಏರಿಸುತ್ತಾಳೆ. (ಫ್ಯಾರನ್‌ಹೀಟ್ ಸ್ವಾಮಿ, ಗಾಬರಿಯಾಗಬೇಡಿ.) ಊರಿನಿಂದ ಬಂದ ನಾವಿಬ್ಬರೂ ಮಂಕಿ ಟೋಪಿ ಹಾಕಿಕೊಂಡು, ಯಾವ ಪಕ್ಷವನ್ನೂ ಸೇರದೆ, ಕಾಫಿ ಕುಡಿಯುತ್ತಾ ಕೂರುತ್ತೇವೆ. ಆ ಮನೆಯಲ್ಲಿ ಈ ರಗಳೆ ತಟ್ಟದ ಜೀವ ಒಂದೇ. ಅವರಿಗೆ ಸ್ವಂತ ಸೂರ್ಯನೇ ಇದ್ದಾನೆ, ಅದೂ ಟೈಮರ್ ಹಾಕಿದ ಸೂರ್ಯ. ಬೆಳಿಗ್ಗೆ ಏಳಕ್ಕೆ ಉದಯ, ಸಂಜೆ ಏಳಕ್ಕೆ ಅಸ್ತ. ಮೋಡವಿಲ್ಲ, ಗ್ರಹಣವಿಲ್ಲ.

ಅವರೇ ಕಿಟ್ಟಪ್ಪನವರು, ಮೊಮ್ಮಗನ ಗೋಸುಂಬೆ. ಮೊಮ್ಮಗ ಇಟ್ಟ ಹೆಸರು ಸ್ಪೈಕ್. ಆದರೆ ಎರಡು ಕಣ್ಣನ್ನು ಎರಡು ದಿಕ್ಕಿಗೆ ತಿರುಗಿಸಿಕೊಂಡು, ಒಂದು ಹೆಜ್ಜೆ ಇಡುವುದಕ್ಕೆ ಮುಂಚೆ ನಾಲ್ಕು ಸಲ ತೂಗಾಡಿ ಯೋಚಿಸುವವರನ್ನು ಸ್ಪೈಕ್ ಎನ್ನಲು ನನಗೆ ಬಾಯಿ ಬರಲಿಲ್ಲ. ಜಾತಿ ವೇಲ್ಡ್ ಕೆಮೀಲಿಯನ್, ಮೂಲ ಯೆಮೆನ್, ಸೌದಿ ಅರೇಬಿಯಾ ಕಡೆ. ತಲೆಯ ಮೇಲೆ ಎತ್ತರದ ಮೂಳೆಯ ಜುಟ್ಟು. ನಮ್ಮೂರ ಬೇಲಿಯ ಗೋಸುಂಬೆಯನ್ನೇ ಹಿಡಿದು ತಂದು ಈ ಸೇವೆ ಮಾಡೋಣವೆಂದು ಯಾರಿಗಾದರೂ ಆಸೆ ಹುಟ್ಟಿದರೆ ಈಗಲೇ ಹೇಳಿಬಿಡುತ್ತೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಸಂರಕ್ಷಿತ ಪ್ರಾಣಿ. ಆಮೇಲೆ ಪಂಜರ ನಿಮಗೇ ಬೇಕಾದೀತು.

ಕಿಟ್ಟಪ್ಪನವರ ಗೃಹಪ್ರವೇಶಕ್ಕೆ ಮುಂಚೆ ಅಳಿಯಂದಿರು ಸಾಕುಪ್ರಾಣಿಗಳ ಅಂಗಡಿ ಹೊಕ್ಕರು. ಹೊರಬರುವಾಗ ತಳ್ಳುಗಾಡಿ ತುಂಬಿತ್ತು. ರಾತ್ರಿಗೆ ಕೆಂಪು ಬಲ್ಬು, ಹೊಟ್ಟೆ ಬೆಚ್ಚಗಿರಲೆಂದು ಕರೆಂಟಿನ ಬಿಸಿಕಲ್ಲು, ನೆಲಕ್ಕೊಂದು ಬಿಸಿ ಹಾಸು. ಡಬ್ಬಿಗಳ ಮೇಲೆಲ್ಲ ನಗುತ್ತಿರುವ ಹಲ್ಲಿಗಳ ಚಿತ್ರ. ಕೊಂಬೆ ಬಿಟ್ಟು ಕೆಳಗಿಳಿಯಲು ಮನಸ್ಸಿಲ್ಲದ ಪ್ರಾಣಿಗೆ ನೆಲದ ಹಾಸು! ಬಿಸಿಲು ಮೇಲಿನಿಂದ ಬರುತ್ತದೆ ಎಂದಷ್ಟೇ ಆ ಮೈಗೆ ಗೊತ್ತು. ಕೆಳಗೆ ಕಲ್ಲು ಸುಡುತ್ತಿದ್ದರೂ ಏಳದೆ ಹೊಟ್ಟೆ ಬೇಯಿಸಿಕೊಳ್ಳುವ ಅಪಾಯವುಂಟು. ಕೆಂಪು ಬಲ್ಬಿನ ಕಥೆ ಇನ್ನೂ ಚೆನ್ನ. ಆ ಬೆಳಕು ಗೋಸುಂಬೆಗೆ ಕಾಣುವುದೇ ಇಲ್ಲವಂತೆ, ಅಂಗಡಿಯ ಹುಡುಗ ಹೇಳಿದನಂತೆ. ನಮ್ಮ ಕಣ್ಣಿಗೆ ಬೀಳದ ಅತಿನೇರಳೆಯನ್ನೂ ನೋಡಬಲ್ಲ ಕಣ್ಣಿಗೆ ಕೆಂಪು ದೀಪ ಕಾಣದೇ? ರಾತ್ರಿ ಅವರಿಗೆ ಬೇಕಾದದ್ದು ಕತ್ತಲೆ ಮತ್ತು ತಂಪು. ಯೆಮೆನ್ನಿನ ಬೆಟ್ಟಗಳಲ್ಲಿ ರಾತ್ರಿ ಚಳಿಯೇ. ಮನೆಯೊಳಗೆ 60 ಡಿಗ್ರಿಗಿಂತ ಮೇಲಿದ್ದರೆ ದೊಡ್ಡ ಗೋಸುಂಬೆಗೆ ಯಾವ ಹೀಟರೂ ಬೇಡ. ಇದು ತಿಳಿದ ದಿನ ಅಳಿಯಂದಿರು, "ನೋಡಿ ಮಾವ, ಇವನೂ ನನ್ನ ಪಕ್ಷ" ಎಂದು ಎದೆಯುಬ್ಬಿಸಿದರು.

ಇಷ್ಟೆಲ್ಲ ತಂದವರು ತರದೇ ಬಿಟ್ಟದ್ದು ಒಂದನ್ನೇ, ಯುವಿಬಿ ಎಂಬ ಅತಿನೇರಳೆ ಕಿರಣ ಸೂಸುವ ಟ್ಯೂಬು. ಅಸಲು ಬೇಕಾದದ್ದು ಅದೇ. "ಟ್ಯೂಬ್ ಯಾಕೋ ಮರಿ, ಕಿಟಕಿ ಪಕ್ಕ ಇಡು, ಬಿಸಿಲು ಬರುತ್ತಲ್ಲ" ಎಂದರು ನಮ್ಮ ಮನೆಯವರು. "ಅಜ್ಜಿ, ಗಾಜು ಯುವಿಬಿಯನ್ನು ಒಳಗೆ ಬಿಡಲ್ಲ" ಎಂದ ಮೊಮ್ಮಗ. ನಿಜ. ಕಿಟಕಿಯ ಬಿಸಿಲಿನಲ್ಲಿ ಬೆಳಕುಂಟು, ಕಾವುಂಟು. ಚರ್ಮದೊಳಗೆ ವಿಟಮಿನ್ ಡಿ-3 ತಯಾರಾಗಲು ಬೇಕಾದ ಕಿರಣವೇ ಇಲ್ಲ. ಡಿ-3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಕ್ರಮೇಣ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ, ದವಡೆ ಬಾಗುತ್ತದೆ, ಕೊನೆಗೆ ನಾಲಿಗೆ ಹಾರಿಸಲೂ ಆಗುವುದಿಲ್ಲ. ಸುರುಳಿ ಸುತ್ತಿದ ಪುಟ್ಟ ಬಲ್ಬುಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಅವುಗಳ ಕಿರಣ ಒಂದೆಡೆ ಮಾತ್ರ ಬೀಳುತ್ತದೆ. ಉದ್ದನೆಯ ಟಿ5 ಹೈ ಔಟ್‌ಪುಟ್ ಟ್ಯೂಬೇ ಸರಿ. ಡಬ್ಬಿಯ ಮೇಲೆ 5.0 ಅಥವಾ ಶೇ. 6 ಎಂದಿದ್ದರೆ ಸಾಕು. ಅದನ್ನು ಪಂಜರದ ಚಾವಣಿಯ ಬಲೆಯ ಮೇಲೆ ಮಲಗಿಸಿ, ಒಂದು ಗೇಣು ಕೆಳಗೆ ಕೊಂಬೆ ಕಟ್ಟಿದರೆ ಅಲ್ಲಿ ಯುವಿ ಸೂಚ್ಯಂಕ ಸುಮಾರು 3 ಸಿಗುತ್ತದೆ. ಬಲೆಯೂ ಒಂದಷ್ಟು ಕಿರಣ ತಿನ್ನುತ್ತದೆ, ಆ ಲೆಕ್ಕವೂ ಇದರಲ್ಲಿ ಸೇರಿದೆ. ಬೆಂಗಳೂರಿನ ಬೇಸಿಗೆಯ ನಡುಮಧ್ಯಾಹ್ನ ಈ ಸೂಚ್ಯಂಕ 10 ದಾಟುತ್ತದೆ. ಆ ಹೊತ್ತಿನಲ್ಲಿ ತರಕಾರಿಗೆ ಓಡಾಡಿದವನು ನಾನು, ನನಗೆ ಯಾರೂ ಸೂಚ್ಯಂಕ ನೋಡಿಕೊಡಲಿಲ್ಲ. ಟ್ಯೂಬಿನದು ಇನ್ನೊಂದು ಠಕ್ಕುತನವಿದೆ. ಆರು ತಿಂಗಳಿಗೋ ವರ್ಷಕ್ಕೋ ಯುವಿಬಿ ಸೊರಗಿಹೋಗುತ್ತದೆ, ಬೆಳಕು ಮಾತ್ರ ಹಾಗೇ ಇರುತ್ತದೆ. ಪಿಂಚಣಿ ತೆಗೆದುಕೊಳ್ಳುವ ನಮ್ಮಂಥವರ ಹಾಗೆ, ನೋಡಲು ಝಗಝಗ, ಕೆಲಸ ಸೊನ್ನೆ. ಹಾಗಾಗಿ ಹಾಕಿದ ತಾರೀಖನ್ನು ಟ್ಯೂಬಿನ ತುದಿಯಲ್ಲೇ ಬರೆದಿಡಬೇಕು.

ಕಾವಿಗೆ ಜಂಭದ ಬಲ್ಬೇನೂ ಬೇಡ. ಸಾಧಾರಣ ಹ್ಯಾಲೋಜನ್ ಸಾಕು. ಎಷ್ಟು ವಾಟ್ ಎಂದು ಕೇಳುವವರೇ ಎಲ್ಲ, ಕೊಂಬೆಯ ಮೇಲೆ ಎಷ್ಟು ಡಿಗ್ರಿ ಎಂದು ಕೇಳುವವರಿಲ್ಲ. ಬೆಳೆದ ಗಂಡಿಗೆ ಅಲ್ಲಿ 85ರಿಂದ 90, ಅಂದರೆ ನಮ್ಮ ಲೆಕ್ಕದಲ್ಲಿ 30ರ ಆಸುಪಾಸು; ಹೆಣ್ಣಿಗೂ ಮರಿಗೂ ಇನ್ನೂ ಕಡಿಮೆ. ಬಲ್ಬು ಬಲೆಗೆ ತೀರ ಹತ್ತಿರವಿದ್ದರೆ ಮೇಲಕ್ಕೆ ಹತ್ತಿ ಕೂತವರ ಜುಟ್ಟು ಸುಟ್ಟೀತು. ಮಿಕ್ಕ ಕೊಂಬೆಗಳಲ್ಲಿ ಎಲೆಯ ದಟ್ಟ ನೆರಳು, ಕೋಣೆಯಷ್ಟೇ ತಂಪು. ಬೆಳಿಗ್ಗೆ ಬಲ್ಬು ಹತ್ತಿದೊಡನೆ ಕಿಟ್ಟಪ್ಪನವರು ಮೈ ಕಪ್ಪಗೆ ಮಾಡಿಕೊಂಡು, ಪಕ್ಕೆಯನ್ನು ಚಪ್ಪಟೆ ಹರಡಿ, ಒಂದೇ ಮಗ್ಗುಲನ್ನು ಕಾವಿಗೊಡ್ಡುತ್ತಾರೆ. ಕಪ್ಪು ಬೇಗ ಬಿಸಿ ಹೀರುತ್ತದೆ. ಕಾದ ಮೇಲೆ ಹಸಿರಿಗೆ ತಿರುಗಿ ಎಲೆಯ ಮರೆಗೆ ಸರಿಯುತ್ತಾರೆ. ಎಲೆಗೆ ಹೊಂದಲು ಬಣ್ಣ ಬದಲಿಸುತ್ತವೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಇಲ್ಲಿ ನೋಡಿದರೆ ಚಳಿಗೊಂದು ಬಣ್ಣ, ಸಿಟ್ಟಿಗೊಂದು ಬಣ್ಣ. ಪಾಪ, ರಾಜಕಾರಣಿಗಳಿಗೆ ಹೋಲಿಸಿ ಎಷ್ಟು ಬೈದಿದ್ದೇವೆ! ಬಾಯಿ ತೆರೆದು ಕೂತರೆ ಮಾತ್ರ ಬಲ್ಬು ಮೇಲೆತ್ತಬೇಕು, ಸೆಕೆ ಹೆಚ್ಚಾಗಿದೆ ಎಂದರ್ಥ.

ಈ ಬಿಸಿಲು-ನೆರಳಿನ ಆಯ್ಕೆಯನ್ನು ಪ್ರಾಣಿಗೇ ಬಿಡಬೇಕೆಂಬುದು ನನ್ನ ಹಟವಲ್ಲ. ಟೆಕ್ಸಾಸಿನ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗಳನ್ನು ಪರೀಕ್ಷಿಸಿದರು. ಆಹಾರದಲ್ಲಿ ಡಿ-3 ಕಡಿಮೆ ಸಿಕ್ಕವು ತಾವಾಗಿಯೇ ಅತಿನೇರಳೆ ಬೆಳಕಿಗೆ ಹೆಚ್ಚು ಮೈಯೊಡ್ಡಿದವು, ಹೆಚ್ಚು ಸಿಕ್ಕವು ದೂರ ಉಳಿದವು. ರಕ್ತಪರೀಕ್ಷೆ ಇಲ್ಲ, ಡಾಕ್ಟರ ಚೀಟಿಯೂ ಇಲ್ಲ. ಅಳಿಯಂದಿರು ಇದನ್ನು ಕೇಳಿಯೂ ಆಫೀಸಿನಿಂದಲೇ ಫೋನಿನಲ್ಲಿ ಪಂಜರದ ಉಷ್ಣಾಂಶ ನೋಡುವುದನ್ನು ಬಿಟ್ಟಿಲ್ಲ. ಮಗಳಿಗೆ ಜ್ವರ ಬಂದಾಗ ಎಷ್ಟು ಡಿಗ್ರಿ ಎಂದು ವಿಚಾರಿಸಲು ಸಂಜೆಯಾಗಿತ್ತೆಂಬುದು ಆ ಮನೆಯ ಗೃಹಕೃತ್ಯ, ನಾನು ಬಾಯಿ ಹಾಕುವುದಿಲ್ಲ.

ಈಗ ಮೊಮ್ಮಗನಿಗೆ ಕೀನ್ಯಾ ಬೆಟ್ಟಗಳ ಮೂರು ಕೊಂಬಿನ ಜಾಕ್ಸನ್ ಗೋಸುಂಬೆಯ ಮೇಲೆ ಕಣ್ಣು. ಅದಕ್ಕೆ ಇಷ್ಟು ಕಾವು ಆಗದು, ತಂಪು ಹೆಚ್ಚು ಬೇಕು. ಗೋಸುಂಬೆಗಳು ಒಂದೇ ಪಂಜರದಲ್ಲಿ ಬಾಳುವ ಜಾತಿಯೂ ಅಲ್ಲ. ಅಂದರೆ ಬೇರೆ ಪಂಜರ, ಬೇರೆ ಟ್ಯೂಬು, ಬೇರೆ ಸೂರ್ಯ. "ಮೊದಲು ತಟ್ಟೆಯಲ್ಲಿರೋ ಹುರುಳಿಕಾಯಿ ಪಲ್ಯ ಮುಗಿಸು" ಎಂದಳು ಮಗಳು. ಅಳಿಯಂದಿರು ಆಗಲೇ ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ಪಂಜರದ ಬೆಲೆ ನೋಡುತ್ತಿದ್ದರು.